ಗಾಡಿಯೇ ಹೇಳ್ತಾ ಉಂಟು

ಪೂಜೆಯ ಊಟಕ್ಕೆ ಕೂತವರೆಲ್ಲರ ಎದುರು ಬಾವ ಆ ಮಾತು ಹೇಳಿದರು. ಅದೂ ನಾನು ಬಗ್ಗಿ ಅವರ ಎಲೆಗೆ ಪಾಯಸ ಬಡಿಸುತ್ತಿದ್ದಾಗ.

“ಪ್ರೇಮಾ ಗಾಡಿ ಹೇಗೆ ಬಿಡ್ತಾಳೆ ಅಂತ ನಾವ್ಯಾರೂ ಹೇಳ್ಬೇಕಾಗಿಲ್ಲ ಮಾರಾಯ್ರೆ. ಗಾಡಿಯೇ ಹೇಳ್ತಾ ಉಂಟು. ಮೀಟರಿನ ಹತ್ರ ಚಿತ್ರ ಬಿಡಿಸಿ ತೋರಿಸ್ತಾ ಉಂಟು. ಒಂದು ಕಾರು, ಅದರ ಹಿಂದೆ ಚಕ್ರದ ಗುರ್ತು, ಹಾವು ಹೋದ ಹಾಗೆ ಸೊಟ್ಟ ಸೊಟ್ಟ!”

ಇಡೀ ಪಂಕ್ತಿ ನಕ್ಕಿತು. ಕ್ಯಾಂಪಿನ ನಮ್ಮ ಹೋಟೆಲಿನಿಂದ ಬಂದಿದ್ದ ಅಡುಗೆಯವರು, ಸಪ್ಲಾಯರುಗಳು ನಕ್ಕರು. ನನ್ನ ಗಂಡ ಜಯಕರರೂ ನಕ್ಕರು. ನಮ್ಮಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಬರುವ ಹುಲಿಗೆವ್ವ ಮಾತ್ರ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಕೈಯಲ್ಲಿದ್ದ ಸೌಟನ್ನು ಬಾವನ ಬೋಳು ತಲೆಯ ಮೇಲೆ ಕವುಚಿಬಿಡಬೇಕು ಅನಿಸಿತು. ಕವುಚಲಿಲ್ಲ. ಸತ್ಯನಾರಾಯಣ ಪೂಜೆ, ಬಾಗಿಲಲ್ಲಿ ಅತ್ತೆ ಕುರ್ಚಿ ಹಾಕಿ ಕೂತಿದ್ದಾರೆ, ಮನೆತುಂಬ ಜನ. ಮುಂದಿನ ಎಲೆಗೆ ಹೋದೆ.

ಬಾವ ಕೈ ತೊಳೆದು ಬಂದವರೇ ಗೋಡೆಯ ಮೊಳೆಯಿಂದ ಕಾರಿನ ಚಾವಿ ತೆಗೆದು ಕಿಸೆಗೆ ಹಾಕಿಕೊಂಡರು. “ನಾಳೆಯಿಂದ ತನಿಯಪ್ಪ ಬರ್ತಾನೆ” ಅಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕಿಸೆಗೆ ಹೋದದ್ದು ಬರೀ ಚಾವಿ ಅಂತ ಅವರು ತಿಳಿದಿರಬೇಕು.

ನಮ್ಮ ಮನೆ ಊರಂಚಿನ ಕಾತ್ರಜದಲ್ಲಿ, ಹೋಟೆಲಿರುವ ಕ್ಯಾಂಪು ಪೇಟೆಯ ನಡುವೆ. ಮೇಲೆ ನಾವೆಲ್ಲ ಇರುವುದು, ಕೆಳಗೆ ಪೂರ್ತಿ ಗ್ರೈಂಡರುಗಳು. ಕ್ಯಾಂಪಿನ ಹೋಟೆಲನ್ನು ಮಾವ ಉಡುಪಿ ಕಡೆಯಿಂದ ಬಂದು ಕಟ್ಟಿದ್ದು. ಅವರು ಹೋದ ಮೇಲೆ ಹಿರಿಯ ಮಗ ಮಧುಕರ್, ಅಂದರೆ ನನ್ನ ಬಾವ, ಗಲ್ಲೆಯಲ್ಲಿ ಕೂತು ದುಡ್ಡು ಎಣಿಸುತ್ತಾರೆ. ನನ್ನ ಗಂಡ ಸಾಮಾನು ಸರಂಜಾಮು ನೋಡಿಕೊಳ್ಳುತ್ತಾರೆ. ಕ್ಯಾಂಪಿನಲ್ಲಿ ರುಬ್ಬುವುದಕ್ಕೆ ಜಾಗವಿಲ್ಲ. ಇಡ್ಲಿಯ ಹಿಟ್ಟು, ದೋಸೆಯ ಹಿಟ್ಟು ಇಲ್ಲಿ ರುಬ್ಬಿ, ಇಲ್ಲಿ ಹುಳಿ ಬಂದು, ಬೆಳಿಗ್ಗೆ ಅಲ್ಲಿಗೆ ಮುಟ್ಟಬೇಕು. ಮೊದಲು ಒಬ್ಬ ಟೆಂಪೋದವನಿದ್ದ. ಮನಸ್ಸಿದ್ದ ದಿನ ಬರುತ್ತಿದ್ದ, ಇಲ್ಲದ ದಿನ ಫೋನು ಎತ್ತುತ್ತಿರಲಿಲ್ಲ.

“ನೀನೇ ಕಲಿ ಪ್ರೇಮಾ, ಇವರ ಕಾಲು ಹಿಡಿಯುದು ಯಾರು?” ಅಂದವರು ಅತ್ತೆ. ಊರಲ್ಲೆಲ್ಲ ಅವರನ್ನು ಅಕ್ಕು ಅನ್ನುತ್ತಾರೆ, ಇಲ್ಲಿಯ ಕೆಲಸದವರಿಗೆ ಅಕ್ಕು ಅಮ್ಮ. ನಾನು ಗಾಡಿ ಕಲಿಯುವಾಗ ಪಕ್ಕದ ಸೀಟಿನಲ್ಲಿ ಕೂತದ್ದು ಗಂಡನಲ್ಲ, ಅತ್ತೆ. ನನಗಿಂತ ಹೆಚ್ಚು ಬ್ರೇಕನ್ನು ಅವರೇ ತುಳಿದಿದ್ದಾರೆ, ಬರಿಗಾಲಿನಲ್ಲಿ, ಅವರ ಕಡೆ ಇಲ್ಲದ ಬ್ರೇಕನ್ನು. ಒಮ್ಮೆಯೂ ಬೈಯಲಿಲ್ಲ. ನನ್ನ ತಾಯಿಯೂ ನನ್ನನ್ನು ಅಷ್ಟು ನಂಬಿರಲಿಕ್ಕಿಲ್ಲ.

ಆಮೇಲೆ ಆ ಬೆಳಗಿನ ಹೊತ್ತು ನನ್ನದಾಯಿತು. ಸಾತಾರದಿಂದ ಇಳಿದು ಬರುವ ಬಸ್ಸುಗಳ ನಡುವೆ ತೂರಿಕೊಂಡು, ಬಿಬ್ವೇವಾಡಿಯ ಇಳಿಜಾರು ದಾಟಿ, ಸ್ವಾರ್‌ಗೇಟಿನ ರಿಕ್ಷಾದವರ ಜೊತೆ ಮರಾಠಿಯಲ್ಲಿ ಜಗಳವಾಡಿ, ಡಿಕ್ಕಿಯಲ್ಲಿಟ್ಟ ಡ್ರಮ್ಮುಗಳಿಂದ ಒಂದು ಹನಿ ಚೆಲ್ಲದ ಹಾಗೆ ಹೋಟೆಲಿನ ಹಿಂಬಾಗಿಲಿಗೆ ಗಾಡಿ ತಂದು ನಿಲ್ಲಿಸುವವಳು ನಾನು. ಡ್ರಮ್ಮಿನ ಬಾಯಿಗೆ ಒದ್ದೆ ಬಟ್ಟೆ, ಅದರ ಮೇಲೆ ಮುಚ್ಚಳ, ಮೇಲಿಂದ ಹಗ್ಗ. ಹಾಗೆ ಕಟ್ಟುವುದನ್ನು ಯಾರಿಗೂ ಬಿಡುತ್ತಿರಲಿಲ್ಲ. ಈ ಮನೆಯಲ್ಲಿ ಯಾರ ಸೊಸೆಯೂ ಯಾರ ಹೆಂಡತಿಯೂ ಅಲ್ಲದೆ ನಾನಿದ್ದದ್ದು ಅಷ್ಟು ಹೊತ್ತು ಮಾತ್ರ. ಬಾವ ಅದನ್ನೇ ಎತ್ತಿ ಕಿಸೆಗೆ ಹಾಕಿಕೊಂಡು ಮಲಗಲು ಹೋದರು.

ಬಾವ ಹೇಳಿದ ಆ ಚಿತ್ರದ ದೀಪ ಬಂದದ್ದು ಮಳೆ ಹಿಡಿದ ಮೇಲೆ. ಒಂದು ಬೆಳಿಗ್ಗೆ ಗಾಡಿ ಶುರು ಮಾಡಿದಾಗ ಮೀಟರಿನ ಪಕ್ಕ ಹಳದಿ ಬಣ್ಣದಲ್ಲಿ ಒಂದು ಪುಟ್ಟ ಕಾರು, ಹಿಂದೆ ಎರಡು ಸೊಟ್ಟ ಗೆರೆ. ಕೆಳಗೆ ಇಎಸ್‌ಸಿ ಪರೀಕ್ಷಿಸಿ ಅಂತ ಇಂಗ್ಲಿಷಿನಲ್ಲಿ ಬರಹ. ಮನೆಗೆ ಬಂದು ಗಂಡನಿಗೆ ಹೇಳಿದೆ. “ಥಂಡಿಗೆ ಇರ್ಬೇಕು, ಬಿಸಿಲು ಬಂದ್ರೆ ಹೋಗ್ತದೆ” ಅಂದರು. ಬಾವನಿಗೆ ಹೇಳಿದೆ. “ಈಗಿನ ಗಾಡಿಗಳಿಗೆ ಸೀನು ಬಂದ್ರೂ ಒಂದು ದೀಪ” ಅಂದು ಪೇಪರು ಮಡಚಿದರು.

ಪುಸ್ತಕ ನಾನೇ ತೆಗೆದೆ. ಕಾರಿನ ಜೊತೆ ಬಂದದ್ದು, ಮುಂದಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಬಿದ್ದಿತ್ತು. ನಾನು ಪಿಯುಸಿ ಮಾಡಿದವಳು, ಇಂಗ್ಲಿಷು ನಿಧಾನವಾಗಿ ಓದಿದರೆ ತಲೆಗೆ ಹೋಗುತ್ತದೆ. ತಿರುವಿನಲ್ಲೋ ಒದ್ದೆ ರಸ್ತೆಯಲ್ಲೋ ಗಾಡಿ ಜಾರಿದರೆ, ಗಾಡಿ ತಾನಾಗಿಯೇ ಒಂದೊಂದು ಚಕ್ರಕ್ಕೆ ಬೇಕಾದಷ್ಟು ಬ್ರೇಕು ಹಾಕಿ ದಾರಿಗೆ ತರುವ ಏರ್ಪಾಡಿನ ಹೆಸರು ಅದು. ಆ ದೀಪ ಮಿಣಮಿಣ ಅಂದರೆ ಏರ್ಪಾಡು ಈಗ ಕೆಲಸ ಮಾಡುತ್ತಿದೆ, ಗಾಡಿ ಜಾರುತ್ತಿದೆ, ನಿಧಾನ ಮಾಡು ಅಂತ. ಮಿಣುಕದೆ ಒಂದೇ ಸಮ ಉರಿದು ಕೆಳಗೆ ಬರಹವೂ ಬಂದರೆ ಏರ್ಪಾಡೇ ಕೆಟ್ಟಿದೆ ಅಂತ. ಗಾಡಿ ಓಡುತ್ತದೆ, ಬ್ರೇಕು ಹಿಡಿಯುತ್ತದೆ, ಜಾರಿದರೆ ಮಾತ್ರ ಹಿಡಿದುಕೊಳ್ಳುವವರಿಲ್ಲ. ಬೇಗ ತೋರಿಸಿ ಅಂತ ಬರೆದಿತ್ತು.

ನಮ್ಮ ಗಾಡಿಯಲ್ಲಿ ಅದು ಒಂದೇ ಸಮ ಉರಿಯುತ್ತಿತ್ತು. ಅಂದರೆ ದೀಪ ನನ್ನ ಬಗ್ಗೆ ಏನೂ ಹೇಳುತ್ತಿರಲಿಲ್ಲ, ತನ್ನ ಕಾಯಿಲೆ ಹೇಳಿಕೊಳ್ಳುತ್ತಿತ್ತು. ಪುಸ್ತಕ ಹಿಡಿದು ಬಾವನ ಎದುರು ನಿಂತು ಅಷ್ಟನ್ನೂ ಓದಿ ಹೇಳಿದೆ. “ಪುಸ್ತಕ ಓದಿ ಗಾಡಿ ಬಿಡುದಾ ನೀನು? ನಿಧಾನ ಹೋಗು, ಸಾಕು” ಅಂದರು. ನಿಧಾನವೇ ಹೋದೆ. ಆ ಮಳೆಯಲ್ಲಿ ಪ್ರತಿ ತಿರುವಿಗೂ ಉಸಿರು ಬಿಗಿ ಹಿಡಿದು ಹೋದೆ. ಕೊನೆಗೆ ಒಂದು ದಿನ ಬಾವ ನನ್ನ ಜೊತೆ ಕ್ಯಾಂಪಿಗೆ ಬರುವಾಗ ಆ ಚಿತ್ರವನ್ನು ಕಣ್ಣಾರೆ ನೋಡಿದರು. ನೋಡಿ ಅವರಿಗೆ ಅರ್ಥವಾದದ್ದನ್ನು ಪೂಜೆಯ ಊಟಕ್ಕೆ ಬಡಿಸಿದರು.

ತನಿಯಪ್ಪ ಹೋಟೆಲಿಗೆ ತರಕಾರಿ, ಹಾಲು ತರುವವ. ನಮ್ಮ ಊರಿನ ಕಡೆಯವನೇ. ಚಾವಿ ಹಿಡಿದು ಬಂದವ ನಾಚಿಕೆಯಿಂದ ಒಳಗೇ ಬರಲಿಲ್ಲ.

“ನನಗೆ ಬೇಡ ಅಂತ ಹೇಳಿದೆ ಅಕ್ಕಾ. ಧಣಿಗಳು ಕೇಳುದಿಲ್ಲ.”

“ನಿನ್ನ ತಪ್ಪಲ್ಲ ತನಿಯಪ್ಪ. ದೀಪ ಆರಿತಾ ನೋಡು.”

ನೋಡಿ ಬಂದ. ಆರಿರಲಿಲ್ಲ. ಗಂಡಸು ಕೂತರೂ ಹಾವು ಹೋದ ಗುರುತು ಅಲ್ಲೇ ಇತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಆವತ್ತು ಮಧ್ಯಾಹ್ನ ಬಾವ ಊಟಕ್ಕೆ ಕೂತ ಕೂಡಲೇ ಕೇಳಿದೆ. “ತನಿಯಪ್ಪನೂ ಸೊಟ್ಟ ಸೊಟ್ಟ ಬಿಡ್ತಾನಾ ಬಾವ?”

“ಒಮ್ಮೆ ಹಾಳು ಮಾಡಿ ಇಟ್ಟ ಮೇಲೆ ಯಾರು ಕೂತ್ರೂ ಅಷ್ಟೇ” ಅಂದರು. ಮಜ್ಜಿಗೆ ಕೇಳಿದರು.

ಕೊಟ್ಟೆ. ಕೊಡದೆ ಏನು ಮಾಡುವುದು! ಬಡಿಸುವ ಕೈಯಿಂದ ಜಗಳವಾಡುವುದು ಎಷ್ಟು ಕಷ್ಟ ಅಂತ ಉಣ್ಣುವವರಿಗೆ ಗೊತ್ತಾಗುವುದಿಲ್ಲ.

ಆ ವಾರವೇ ತನಿಯಪ್ಪ ಬಿಬ್ವೇವಾಡಿಯ ಇಳಿಜಾರಿನಲ್ಲಿ ಜಾರಿದ. ಸಣ್ಣ ಮಳೆ, ಅಡ್ಡ ಬಂದ ಬಸ್ಸು, ಗಾಬರಿಯಲ್ಲಿ ಸ್ಟೇರಿಂಗು ಎಳೆದಿದ್ದಾನೆ. ಗಾಡಿ ಹಿಂದು ಮುಂದಾಗಿ ಡಿವೈಡರಿಗೆ ತಾಗಿ ನಿಂತಿತು. ಹಿಂದಿನಿಂದ ಬರುತ್ತಿದ್ದ ಲಾರಿಯವನು ಒಳ್ಳೆಯ ಬ್ರೇಕಿನವನು, ಅದಕ್ಕೆ ತನಿಯಪ್ಪ ಬದುಕಿ ಬಂದ. ಗಾಡಿ ಹೇಗೋ ತಿರುಗಿಸಿಕೊಂಡು ಮನೆಗೇ ವಾಪಸು ತಂದ. ನಾನು ಕೊಟ್ಟ ನೀರು ಕುಡಿದು ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

ಬಾವನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: “ಹಿಟ್ಟು ಚೆಲ್ಲಿತಾ?”

ನನ್ನ ಮೈಯೆಲ್ಲ ಉರಿದುಹೋಯಿತು. “ಹಿಟ್ಟಿಗೆ ಏನೂ ಆಗ್ಲಿಲ್ಲ ಬಾವ, ಹಗ್ಗ ಕಟ್ಟಿದವಳು ನಾನು” ಅಂದೆ. ಡ್ರಮ್ಮುಗಳನ್ನು ಒಂದು ಟೆಂಪೋಗೆ ಹಾಕಿ ಕಳಿಸಿದೆ. ಜೊತೆಗೆ ಹೋದ ತನಿಯಪ್ಪ ಚಾವಿಯನ್ನೂ ಧಣಿಗಳಿಗೆ ಕೊಡಲು ತೆಗೆದುಕೊಂಡು ಹೋದ. ಗಾಡಿಯನ್ನು ಇನ್ನು ಯಾರ ಕೈಗೂ ಕೊಡಬಾರದು ಅಂತ ತೀರ್ಮಾನಿಸಿ ಅತ್ತೆಯ ಹತ್ತಿರ ಹೋದೆ. ಎರಡನೆಯ ಚಾವಿ ಅವರ ಕಪಾಟಿನಲ್ಲಿತ್ತು. ಯಾಕೆ, ಎಲ್ಲಿಗೆ ಅಂತ ಒಂದು ಮಾತು ಕೇಳಲಿಲ್ಲ, ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟರು. ಆ ಗಳಿಗೆಯಲ್ಲಿ ಅವರ ಕಾಲಿಗೆ ಬೀಳಬೇಕು ಅನಿಸಿತು.

ಹುಲಿಗೆವ್ವನನ್ನು ಕರೆದುಕೊಂಡು ಹೈವೇ ಪಕ್ಕದ ಗ್ಯಾರೇಜಿಗೆ ಹೋದೆ. ಕಂಪ್ಯೂಟರಿನಲ್ಲಿ ಗಾಡಿ ನೋಡುವವಳು ಸೋನಾಲಿ ಅಂತ ಒಬ್ಬಳು, ಡಿಪ್ಲೊಮಾ ಮಾಡಿದವಳು. ತಾಯಿಯ ಮನೆ ನಿಪ್ಪಾಣಿ, ನನ್ನ ಮರಾಠಿ ಕೇಳಲಾರದೆ ಕನ್ನಡಕ್ಕೆ ಬಂದಳು. ಬಾಗಿಲು ತೆಗೆದವಳೇ ಓಢಣಿಯಿಂದ ಮೂಗು ಮುಚ್ಚಿಕೊಂಡಳು.

“ಅಯ್ಯ! ಗಾಡ್ಯಾಗ ಏನ್ ಇಟ್ಟೀರಿ ಅಕ್ಕಾರ? ಎಂಥಾ ಹುಳಿ ವಾಸನಿ!”

“ವಾಸನೆಯಾ? ಎಂತ ವಾಸನೆ?”

ಹುಲಿಗೆವ್ವನೂ ತಲೆ ಒಳಗೆ ಹಾಕಿ ಮೂಸಿದಳು. “ನನಗ ಏನೂ ಬರವಲ್ದವ್ವ” ಅಂದಳು.

ನಮಗೆಲ್ಲಿ ಬರಬೇಕು! ನಮ್ಮ ಮೆಟ್ಟಿಲು, ನಮ್ಮ ಕೂದಲು, ಒಗೆದು ಮಡಚಿಟ್ಟ ಸೀರೆ ಎಲ್ಲವೂ ಹುಳಿ ಹಿಟ್ಟಿನ ವಾಸನೆಯೇ. ಮನೆಗೆ ಬಂದ ನೆಂಟರು ಮೂಗು ಅರಳಿಸಿದರೆ ನಾವು ಪರಸ್ಪರ ಮುಖ ನೋಡಿಕೊಳ್ಳುತ್ತೇವೆ. ಬೇರೆ ಯಾರದಾದರೂ ಕಾರಾಗಿದ್ದರೆ ಬಾಗಿಲು ತೆಗೆದ ಮೊದಲ ದಿನವೇ ಗೊತ್ತಾಗುತ್ತಿತ್ತು. ನಾನು ದಿನಾ ಅದರೊಳಗೇ ಕೂತು ಹೋಗಿ ಬರುತ್ತಿದ್ದೆ.

ಸೋನಾಲಿ ವೈರು ಸಿಕ್ಕಿಸಿ ತನ್ನ ಯಂತ್ರ ನೋಡಿದಳು. “ಗಾಡಿ ಎಷ್ಟ ತಿರಗಾಕತ್ತೇತಿ, ಎತ್ತಾಗ ಜಾರಾಕತ್ತೇತಿ ಅಂತ ಹೇಳೋದೊಂದು ಸೆನ್ಸರ್ ಇರ್ತದ್ರಿ. ಅದು ಮಾತಾಡವಲ್ದು. ಹ್ಯಾಂಡ್‌ಬ್ರೇಕಿನ ಬುಡಕ್ಕ ಅದ, ತಗದ ನೋಡ್ತೀನಿ.”

ಮುಂದಿನ ಸೀಟು ಸರಿಸಿ, ಮ್ಯಾಟು ಎತ್ತಿ, ಅದರಡಿಯ ಕಾರ್ಪೆಟ್ಟನ್ನು ಸುಲಿದಳು. ನಾನು ಬಗ್ಗಿ ನೋಡಿದೆ. ಹಪ್ಪಳದ ಹಾಗೆ ಒಣಗಿ ಬಿರುಕುಬಿಟ್ಟ ಬಿಳಿ ಪದರ. ಅದರಡಿ ಇನ್ನೂ ಹಸಿ, ಬೂದು ಬೂಷ್ಟು. ಹ್ಯಾಂಡ್‌ಬ್ರೇಕಿನ ಬುಡದವರೆಗೂ ಹರಿದು ಹೋಗಿ ಒಂದು ಪುಟ್ಟ ಪೆಟ್ಟಿಗೆಯನ್ನೂ ಅದರ ವೈರಿನ ಪ್ಲಗ್ಗನ್ನೂ ತಿಂದುಹಾಕಿತ್ತು. ತಾಮ್ರವೆಲ್ಲ ಹಸಿರು ಕಟ್ಟಿತ್ತು.

ಹುಲಿಗೆವ್ವ ಬೆರಳಿನಿಂದ ಮುಟ್ಟಿ ನೋಡಿದಳು. “ದ್ವಾಸಿ ಹಿಟ್ಟು ಅಕ್ಕಾರ” ಅಂದಳು. ಆಮೇಲೆ ನನ್ನ ಮುಖ ನೋಡಿದಳು. “ಇಲ್ಲಿ ಹ್ಯಾಂಗ ಬಂತ್ರಿ? ನೀವು ಡಿಕ್ಯಾಗ ಇಡೋರಲ್ಲ?”

ಹೌದು, ನಾನು ಡಿಕ್ಕಿಯಲ್ಲಿ ಇಡುವವಳು. ತನಿಯಪ್ಪ ಬರುವುದಕ್ಕೆ ಎಷ್ಟೋ ಮೊದಲೇ ದೀಪ ಬಂದಿತ್ತು. ಹಾಗಾದರೆ ಈ ಗಾಡಿ ಮುಟ್ಟಿದ ಇನ್ನೊಬ್ಬರು ಯಾರು? ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ದೀಪ ಬರುವುದಕ್ಕೆ ಸ್ವಲ್ಪ ಮುಂಚೆ, ಪಂಢರಪುರಕ್ಕೆ ನಡೆದು ಹೋಗುವವರ ಪಾಲಕಿ ಊರಿಗೆ ಬಂದಿದ್ದ ದಿನ. ಕ್ಯಾಂಪಿನವರೆಗೂ ಜನ, ಮಧ್ಯಾಹ್ನದೊಳಗೆ ಹೋಟೆಲಿನಲ್ಲಿ ಹಿಟ್ಟು ಖಾಲಿ. ಬಾವ ಏದುಸಿರು ಬಿಡುತ್ತ ಮನೆಗೆ ಬಂದರು. ಡ್ರಮ್ಮುಗಳು ಹೋಟೆಲಿನಲ್ಲೇ ಉಳಿದಿದ್ದವು. ದೊಡ್ಡ ತಪ್ಪಲೆಯಲ್ಲಿ ಹಿಟ್ಟು ತುಂಬಿಸಿಕೊಂಡು, ನಾನು ಕಟ್ಟಿಕೊಡುತ್ತೇನೆ ಅಂದರೂ ಕೇಳದೆ, ಮುಂದಿನ ಸೀಟಿನ ಕಾಲಡಿ ಇಟ್ಟುಕೊಂಡು ಹೋದರು. ಮರುದಿನ ಗಾಡಿಗೆ ಹೊಸ ಮ್ಯಾಟುಗಳು ಬಂದವು. “ನೀನು ದಿನಾ ಓಡಿಸುವವಳು, ಚಂದ ಇರ್ಲಿ ಅಂತ ತಂದೆ” ಅಂದಿದ್ದರು ಬಾವ. ನಾನು ಮೂರ್ಖಿ, ಕೆಳಗಿನ ಹೆಂಗಸರಿಗೆಲ್ಲ ತೋರಿಸಿ, ನಮ್ಮ ಬಾವನಿಗೆ ಎಷ್ಟು ಗಮನ ನೋಡಿ ಅಂತ ಹೊಗಳಿದ್ದೆ. ಅದೆಲ್ಲ ನೆನಪಾಗಿ ಗ್ಯಾರೇಜಿನ ನಡುವೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಸೋನಾಲಿಗೆ ತುಳು ಬಾರದ್ದು ಒಳ್ಳೆಯದಾಯಿತು.

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಹೊಸ ಸೆನ್ಸರು ಬಂದು, ಪ್ಲಗ್ಗು ಬದಲಾಗಿ, ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಸೋನಾಲಿ ಅದಕ್ಕೆ ನೇರ ಅಂದರೆ ಯಾವುದು ಅಂತ ಮತ್ತೆ ಕಲಿಸಿಕೊಡುವವರೆಗೆ ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ದೀಪ ಆರಿದ ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದ ಮೇಲೆಯೇ ಮಾತು ಅಂತ.

ಹೋಟೆಲಿನವರು ಮಧ್ಯಾಹ್ನದ ರಶ್ಶು ಮುಗಿಸಿ ಮನೆಗೆ ಬಂದು ಉಂಡು ಸ್ವಲ್ಪ ಮಲಗುತ್ತಾರೆ. ಬಾವ, ಜಯಕರ ಇಬ್ಬರೂ ಉಣ್ಣುತ್ತಿದ್ದರು. ಅತ್ತೆ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಫೋಟೋವನ್ನು ಬಾವನ ತಟ್ಟೆಯ ಪಕ್ಕ ಇಟ್ಟೆ.

“ಇದೆಂತ?”

“ಗಾಡಿ ಹೇಳ್ತಾ ಇದ್ದದ್ದು ಇದನ್ನು ಬಾವ. ಪಾಲಕಿಯ ದಿನದ ಹಿಟ್ಟು. ದೀಪ ಆರಿತು, ಹೋಗಿ ನೋಡಿ.”

ಬಾವ ನೋಡಿದರು. ಮುಖ ಬಣ್ಣಗೆಡುತ್ತದೆ, ತಡವರಿಸುತ್ತಾರೆ ಅಂದುಕೊಂಡಿದ್ದೆ. ಏನೂ ಇಲ್ಲ. ಅನ್ನಕ್ಕೆ ಸಾರು ಕಲಸಿಕೊಂಡರು.

“ಒಂದು ಚೂರು ಹಾರಿರ್ಬಹುದು. ಆ ಜನದಲ್ಲಿ ಬ್ರೇಕು ಹಾಕ್ಬೇಕಾಯ್ತು.”

“ಒಂದು ಚೂರಾ? ಇಡೀ ನೆಲ ತಿಂದಿದೆ! ಮುಚ್ಚಿಟ್ಟದ್ದು ಸಾಲದು ಅಂತ ಅಷ್ಟು ಜನರ ಎದುರು ನನ್ನ ಮರ್ಯಾದೆ ತೆಗೆದ್ರಿ. ತನಿಯಪ್ಪ ಆ ಲಾರಿಯ ಅಡಿಗೆ ಹೋಗಿದ್ರೆ ಯಾರ ತಲೆಗೆ ಕಟ್ತಾ ಇದ್ರಿ? ನನ್ನ ತಲೆಗೇ ಅಲ್ವಾ?”

“ಸ್ವರ ತಗ್ಗಿಸು ಪ್ರೇಮಾ” ಅಂದರು ನನ್ನ ಗಂಡ.

“ತಗ್ಗಿಸುದಿಲ್ಲ! ನೀವು ಆವತ್ತು ನಕ್ಕಾಗ ತಗ್ಗಿಸಿ ನಕ್ಕಿದ್ರಾ?”

ಬಾವ ಎಡಗೈಯಿಂದ ಕಿಸೆಯಲ್ಲಿದ್ದ ಚಾವಿ ತೆಗೆದು ನನ್ನ ಕಡೆ ತಳ್ಳಿದರು. ಸಾರಿನ ಪಾತ್ರೆಗೆ ತಾಗಿ ನಿಂತಿತು. “ತಗೋ. ರಿಪೇರಿ ಆಯ್ತಲ್ಲ. ನಾಳೆಯಿಂದ ನೀನೇ ಬಿಡು.”

ನ್ಯಾಯ ಮುಗಿಯಿತು ಅನ್ನುವ ಹಾಗೆ ಜಯಕರ ಉಸಿರು ಬಿಟ್ಟರು. “ಚಾವಿ ಸಿಕ್ತಲ್ಲ, ಇನ್ನೆಂತ ಬೇಕು ನಿನಗೆ?”

ಇನ್ನೆಂತ ಬೇಕು! ಈ ಮನೆಯಲ್ಲಿ ಮಾವ ಹಾಕಿಕೊಟ್ಟ ಒಂದು ಪದ್ಧತಿ ಉಂಟು. ರುಬ್ಬಿದ ಹಿಟ್ಟು ಚೆಲ್ಲಬಾರದು. ಚೆಲ್ಲಿದರೆ, ಯಾರೇ ಆಗಲಿ, ಗ್ರೈಂಡರಿನ ಎದುರು ನಿಂತು ಕೆಲಸದವರೂ ಮನೆಯವರೂ ಕೇಳುವ ಹಾಗೆ “ಚೆಲ್ಲಿದ್ದು ನಾನು” ಅನ್ನಬೇಕು, ನೆನೆಹಾಕುವ ಅಕ್ಕಿಗೆ ತನ್ನ ಕೈಯಿಂದ ಒಂದು ಹಿಡಿ ಸೇರಿಸಬೇಕು. ಮಾವ ತಾವೇ ಹಾಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಅಳುತ್ತ ಹೇಳಿದ್ದೇನೆ. ಒಂದೇ ಒಂದು ಸೌಟು ಹಿಟ್ಟಿಗೆ ಹುಲಿಗೆವ್ವನಿಂದ ಹೇಳಿಸಿದವರು ಇದೇ ಬಾವ, ಅದೂ ಅವಳ ಸ್ವರ ಸಾಲದು ಅಂತ ಎರಡು ಸಲ.

“ಕೆಳಗೆ ಬಂದು ಹೇಳಿ ಬಾವ. ಮಾವ ಇದ್ದಿದ್ರೆ ಹೇಳಿಸ್ತಿದ್ರು. ಪೂಜೆಯ ದಿನ ನಕ್ಕವರೂ ಕೇಳ್ಬೇಕು.”

“ನಾನಾ? ಕೆಲಸದವರ ಎದುರಾ?” ಬಾವ ಈಗ ನಕ್ಕರು. “ತಲೆ ಕೆಟ್ಟಿದೆ ನಿನಗೆ.”

ನಾನು ಅತ್ತೆಯ ಕಡೆ ನೋಡಿದೆ. ಅವರು ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ. “ಉಣ್ಣುವಾಗ ಜಗಳ ಬೇಡ ಮಕ್ಕಳೇ” ಅಂದರು. ಪಾಪ, ಇಬ್ಬರ ನಡುವೆ ಸಿಕ್ಕಿಬಿದ್ದಿದ್ದಾರೆ ಅಂದುಕೊಂಡೆ. ಚಾವಿಯನ್ನು ಮುಟ್ಟದೆ ಎದ್ದು ಹೋದೆ.

ಮರುದಿನ ಬೆಳಿಗ್ಗೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಡ್ರಮ್ಮುಗಳಿಗೆ ತುಂಬಿದೆ, ಬಟ್ಟೆ ಕಟ್ಟಿದೆ, ಹಗ್ಗ ಬಿಗಿದೆ. ಆಮೇಲೆ ಅದರ ಮುಂದೆ ಸ್ಟೂಲು ಹಾಕಿ ಕೂತೆ. ನಾನು ಬರುವ ಸೂಚನೆ ಕಾಣದೆ ಹೋಟೆಲಿನಿಂದ ತನಿಯಪ್ಪನನ್ನು ಅಟ್ಟಿದರು.

“ಹಿಟ್ಟು ಅಲ್ಲಾಡುದಿಲ್ಲ ತನಿಯಪ್ಪ. ಯಾಕೆ ಅಂತ ಧಣಿಗಳಿಗೆ ಗೊತ್ತುಂಟು. ನೀನು ಕೂತು ಚಾ ಕುಡಿ.”

ತನಿಯಪ್ಪ ಬಹಳ ಸಂತೋಷದಿಂದ ಕೂತ. ಹುಲಿಗೆವ್ವ ಮತ್ತು ಉಳಿದ ಹೆಂಗಸರು ವಡೆಯ ಉದ್ದು ರುಬ್ಬುತ್ತ ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು. ಮೊದಲು ಗಂಡನ ಫೋನು ಬಂತು. ಜನ ಬಂದು ಕೂತಿದ್ದಾರೆ, ಇಡ್ಲಿ ಇಲ್ಲ, ದೋಸೆ ಇಲ್ಲ, ಬರೀ ಉಪ್ಪಿಟ್ಟು ಅಂದರೆ ಎದ್ದು ಹೋಗುತ್ತಿದ್ದಾರೆ ಅಂದರು. ಬಾವನಿಗೆ ಕೊಡಿ ಅಂದೆ. ಇಟ್ಟುಬಿಟ್ಟರು. ಮತ್ತೆ ಮಾಡಿದರು. ಮತ್ತೆ ಅದನ್ನೇ ಅಂದೆ. ಹೋಟೆಲನ್ನು ಮುಳುಗಿಸುತ್ತೀಯಾ ಅಂತ ಕೇಳಿದರು. ಹೌದು ಅಂದೆ. ಅಂದಾಗ ಹೆದರಿಕೆಯೇ ಆಗಲಿಲ್ಲ.

ಕೊನೆಗೆ ಬಾವನೇ ಮಾಡಿದರು. ನಾನು ಸ್ಪೀಕರಿಗೆ ಹಾಕಿ ಫೋನನ್ನು ಡ್ರಮ್ಮಿನ ಮುಚ್ಚಳದ ಮೇಲಿಟ್ಟೆ.

“ಆಯ್ತು ಮಾರಾಯ್ತಿ. ನಾನು ಚೆಲ್ಲಿದ್ದು. ಕಳಿಸೀಗ.”

“ಗ್ರೈಂಡರಿನ ಶಬ್ದ ಬಾವ, ಇವರಿಗೆ ಯಾರಿಗೂ ಕೇಳ್ಲಿಲ್ಲ.”

“ಪ್ರೇಮಾ!”

ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹಿಡಿದುಕೊಂಡು ಕೆಳಗೆ ಬಂದರು. ಗೋಡೆಯ ಹತ್ತಿರ ಹೋಗಿ ಗ್ರೈಂಡರಿನ ಸ್ವಿಚ್ಚು ಆರಿಸಿದರು. ಕೋಣೆಯೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು.

“ಚೆಲ್ಲಿದ್ದು ನಾನು!” ಬಾವ ಗಂಟಲು ಹರಿಯುವ ಹಾಗೆ ಕಿರುಚಿದರು. ಗಲ್ಲೆಯಲ್ಲಿ ಕೂತು ಕಿರುಚಿದ್ದು, ಹೋಟೆಲಿನಲ್ಲಿದ್ದವರೂ ಕೇಳಿರಬೇಕು. ಆ ಕಡೆ ಯಾರೋ ಮರಾಠಿಯಲ್ಲಿ ಕಾಯ್ ಝಾಲಂ ಶೇಠ್, ಏನಾಯ್ತು ಧಣಿ ಅಂತ ಕೇಳಿದ್ದು ನಮಗೂ ಕೇಳಿಸಿತು.

ಹುಲಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂತು. “ದನಿ ಸಾಲದ್ರಿ ಧಣಿ, ಇನ್ನೊಮ್ಮಿ!” ಅಂದುಬಿಟ್ಟಳು. ತನಿಯಪ್ಪ ಚಾ ಚೆಲ್ಲಿಕೊಂಡ. ಉಳಿದವರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಪೂಜೆಯ ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಸರಿದ ಹಾಗಾಯಿತು. ತನಿಯಪ್ಪ ಮೇಲೆ ಹೋಗಿ ಚಾವಿ ತಂದುಕೊಟ್ಟ. ಡ್ರಮ್ಮುಗಳನ್ನು ಡಿಕ್ಕಿಗೆ ಇಟ್ಟೆವು.

ಹೊರಡುತ್ತೇನೆ ಅಂತ ಹೇಳಲು ಒಳಗೆ ಬಂದರೆ ಅತ್ತೆ ಅಕ್ಕಿಯ ಗೋಣಿಯ ಹತ್ತಿರ ನಿಂತಿದ್ದರು. ಒಂದು ಹಿಡಿ ಅಕ್ಕಿ ತೆಗೆದು ನೆನೆಹಾಕಿದ ಪಾತ್ರೆಗೆ ಹಾಕಿದರು.

“ಬಾವ ಬಂದು ಹಾಕ್ಲಿ ಅತ್ತೆ, ಅವರ ಪಾಲಿನದ್ದು ನೀವ್ಯಾಕೆ ಹಾಕುದು?”

“ಅವನದ್ದು ಅವ ಹಾಕ್ಲಿ. ಇದು ನನ್ನದು.” ಅತ್ತೆ ಕೈ ಕೊಡವಿಕೊಂಡರು. “ಅರ್ಧ ತಪ್ಪಲೆ ಚೆಲ್ಲಿತ್ತು ಪ್ರೇಮಾ. ಪ್ರೇಮನಿಗೆ ಹೇಳ್ಬೇಡ ಅಮ್ಮ ಅಂತ ಅಂದ. ಅವನ ಜೊತೆ ಕೂತು ಗಾಡಿ ಒರೆಸಿದವಳು ನಾನು. ಆ ಬಟ್ಟೆಗಳನ್ನು ಒಗೆದದ್ದೂ ನಾನು.”

“ನೀವು ಅಲ್ಲೇ ಕೂತಿದ್ರಿ. ಎಲ್ಲರೂ ನಕ್ಕಾಗ ಬಾಗಿಲಲ್ಲಿ ಕೂತಿದ್ರಿ.”

“ದೀಪಕ್ಕೂ ಹಿಟ್ಟಿಗೂ ಸಂಬಂಧ ಉಂಟು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

“ಅದು ಆವತ್ತು. ನಿನ್ನೆ ಗೊತ್ತಾಯ್ತಲ್ಲ? ಒಂದು ಚೂರು ಅಂತ ಅವರು ಹೇಳುವಾಗ ಬೆಳ್ಳುಳ್ಳಿ ಸುಲಿತಾ ಇದ್ರಿ.”

ಅತ್ತೆ ನನ್ನನ್ನು ನೇರ ನೋಡಿದರು. ಕಣ್ಣಲ್ಲಿ ನೀರಿತ್ತು, ಸುಳ್ಳು ಇರಲಿಲ್ಲ. “ಹಿರಿ ಮಗ ಅಲ್ವಾ ಮಗಾ” ಅಂದರು.

ಬಾವನ ಮೇಲೆ ಕೂಗಿದ ಹಾಗೆ ಅವರ ಮೇಲೆ ಕೂಗಲು ಬಾಯಿ ಬರಲಿಲ್ಲ. ಅದಕ್ಕೇ ಆ ಸಿಟ್ಟು ಇನ್ನೂ ಹಾಗೇ ಉಂಟು. ಹಾಗಾದರೆ ನಾನು ನಿಮಗೆ ಯಾರು ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ. ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು.